ಹೆಣ್ಣು ಕೊಳಲು, ಗಂಡು ಕೊಳಲು

ಐವತ್ತು ದಾಟಿದ ಹೆಂಗಸರಿಗೆ ಹೊಸ ಹುಚ್ಚು ಹಿಡಿಯಬಾರದು ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಬರೆದಿದ್ದರೂ ಅದನ್ನು ಗಂಡಸರೇ ಬರೆದಿರುತ್ತಾರೆ, ನಾವು ಓದಬೇಕಾಗಿಲ್ಲ. ನನ್ನ ಓರಗೆಯವರಲ್ಲಿ ಒಬ್ಬರಿಗೆ ತಾರಸಿ ತೋಟದ ಹುಚ್ಚು, ಇನ್ನೊಬ್ಬರಿಗೆ ಕಸೂತಿಯದು, ಮತ್ತೊಬ್ಬರಿಗೆ ವರ್ಷಕ್ಕೆರಡು ಬಾರಿ ಬಸ್ಸು ಮಾಡಿಕೊಂಡು ತೀರ್ಥಯಾತ್ರೆ ಹೋಗುವುದು. ನನಗೆ ಹಿಡಿದದ್ದು ಮಾತ್ರ ಸ್ಟಾಫ್‌ ರೂಮಿನಲ್ಲಿ ಸುಲಭವಾಗಿ ಹೇಳಿಕೊಳ್ಳುವಂಥದ್ದಲ್ಲ. ಅದರ ಹೆಸರು ಕುಂಬಿಯಾ. ಹೆಸರು ಕೇಳಿದ ನಮ್ಮ ಯಜಮಾನರು, “ಅದೇನು, ಕುಂಬಳಕಾಯಿಯ ಹೊಸ ತಳಿಯೇ?” ಎಂದರು. ಅಲ್ಲ, ಅದೊಂದು ಸಂಗೀತ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ್ದು. ನಮಗೂ ಆ ದೇಶಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಮೊದಲು ಹಾಗೆಯೇ ಅಂದುಕೊಂಡಿದ್ದೆ. ಸ್ವಲ್ಪ ತಾಳ್ಮೆಯಿಂದ ಕೇಳಿ, ಹೇಳುತ್ತೇನೆ.

ಈ ಹುಚ್ಚು ಹತ್ತಿಸಿದವಳು ನನ್ನ ತಂಗಿಯ ಮಗಳು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ದಿನಕ್ಕೆ ನಾಲ್ಕು ವಿಡಿಯೋ ಕಳಿಸುವುದು ಅವಳ ಅಭ್ಯಾಸ, ಅದರಲ್ಲಿ ಮೂರನ್ನು ನೋಡದೆ ಅಳಿಸುವುದು ನನ್ನ ಅಭ್ಯಾಸ. ಒಂದು ದಿನ ಮಾತ್ರ ಫೋನು ಮಾಡಿಯೇ ಹೇಳಿದಳು: “ದೊಡ್ಡಮ್ಮ, ಇದೊಂದನ್ನ ಅಳಿಸಬೇಡ. ಇದರಲ್ಲಿರೋ ಹುಡುಗೀನ ನೋಡು, ನಿನ್ನ ಕ್ಲಾಸಿನವಳ ಹಾಗೇ ಇದಾಳೆ.”

ನೋಡಿದೆ. ಹಾಡಿನ ಹೆಸರು ‘ಸೋಯ್ ಯೋ’. ಸ್ಪ್ಯಾನಿಷ್ ಭಾಷೆಯಲ್ಲಿ ‘ನಾನೇ’ ಎಂದು ಅರ್ಥವಂತೆ. ‘ನಾನಿರುವುದೇ ಹೀಗೆ’ ಎಂದೂ ಅನ್ನಬಹುದು. ಹನ್ನೊಂದು ವರ್ಷದ ಒಬ್ಬಳು ಹುಡುಗಿ ಕ್ಷೌರದಂಗಡಿಯ ಕನ್ನಡಿಯ ಮುಂದೆ ಕೂತಿದ್ದಾಳೆ. ಗೋಧಿಗಿಂತ ಒಂದು ಪಾಕ ಹೆಚ್ಚೇ ಬಣ್ಣ, ದುಂಡು ಮುಖ, ಸೋಡಾಬುಡ್ಡಿಯಂಥ ಕನ್ನಡಕ. ಹೊಸದಾಗಿ ಹೆಣೆದ ಜಡೆಗಳನ್ನು ನೋಡಿಕೊಂಡು, ಪರವಾಗಿಲ್ಲ ಎನ್ನುವಂತೆ ತಾನೇ ತಲೆದೂಗಿ ಎದ್ದು ಹೊರಡುತ್ತಾಳೆ. ದಾರಿಯಲ್ಲಿ ಠಾಕುಠೀಕಾಗಿ ನಿಂತ ಇಬ್ಬರು ಹುಡುಗಿಯರು ಇವಳನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಇವಳು ಅವರ ಮುಂದೆಯೇ ನಿಂತು ಕೊಳಲು ತೆಗೆದು ಊದುತ್ತಾಳೆ! ಹುಡುಗರು ಬಾಸ್ಕೆಟ್‌ಬಾಲ್ ಆಡುವಲ್ಲಿ ನುಗ್ಗುತ್ತಾಳೆ, ಬೀದಿಯಲ್ಲಿ ಕುಣಿಯುವವರ ಎದುರು ತನಗೆ ಬಂದ ಹಾಗೆ ಕುಣಿಯುತ್ತಾಳೆ. ಯಾರು ಏನೆಂದುಕೊಂಡಾರು ಎನ್ನುವ ಅಳುಕು ಆ ಮುಖದಲ್ಲಿ ಹುಡುಕಿದರೂ ಇಲ್ಲ.

ಮೂರು ಸಲ ನೋಡಿದೆ. ನಾಲ್ಕನೆಯ ಸಲ ನೋಡುವಾಗ ಕಣ್ಣಲ್ಲಿ ನೀರು ಬಂತು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಒಗ್ಗರಣೆಯ ಘಾಟು ಎಂದು ನನಗೆ ನಾನೇ ಹೇಳಿಕೊಂಡೆ.

ಆ ವಿಡಿಯೋ 2016ರದು. ಡೆನ್ಮಾರ್ಕಿನ ತೋರ್ಬೆನ್ ಕೆಲ್‌ಸ್ಟ್ರಪ್ ಎಂಬಾತ ಅದನ್ನು ನ್ಯೂಯಾರ್ಕಿನಲ್ಲಿ ಚಿತ್ರೀಕರಿಸಿದ. ಹುಡುಗಿ ಸಾರಾಯ್ ಗೊನ್ಸಾಲೆಸ್, ಲ್ಯಾಟಿನ್ ಅಮೆರಿಕದ ಮೂಲದ ಕುಟುಂಬದವಳು, ಅಮೆರಿಕದಲ್ಲಿ ಬೆಳೆದವಳು. ಹಾಡು ಕಟ್ಟಿದವರು ‘ಬೊಂಬಾ ಎಸ್ತೇರಿಯೋ’ ಎಂಬ ಕೊಲಂಬಿಯಾದ ತಂಡ. ಬೊಂಬಾ ಎಂದರೆ ನಮ್ಮ ಬಾಂಬೇ, ಎಸ್ತೇರಿಯೋ ಎಂದರೆ ನಮ್ಮ ಸ್ಟೀರಿಯೋ. ಹೆಸರು ಕೇಳಿದರೆ ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕೇನೋ ಅನ್ನಿಸುತ್ತದೆ. ಆದರೆ ಆ ಗದ್ದಲದ ಅಡಿಯಲ್ಲಿ ಬಹಳ ಹಳೆಯದೊಂದು ಡೋಲಿನ ಸದ್ದು ಇದೆ. ನನ್ನನ್ನು ಹಿಡಿದು ಕೂರಿಸಿದ್ದು ಅದು. ಇದನ್ನು ಎಲ್ಲೋ ಕೇಳಿದ್ದೇನಲ್ಲ ಎಂದು ಎರಡು ದಿನ ತಲೆ ಕೆಡಿಸಿಕೊಂಡೆ.

ಮೇಷ್ಟರ ಕೆಲಸ ಮಾಡುವವರಿಗೆ ಒಂದು ಕೆಟ್ಟ ಗುಣ. ಏನಾದರೂ ಹಿಡಿಸಿದರೆ ಸುಮ್ಮನೆ ಕೇಳಿ ಸಂತೋಷಪಡುವುದಿಲ್ಲ, ಅದರ ಮೂಲ, ಕುಲ, ಗೋತ್ರ ಎಲ್ಲ ಬೇಕು. ರಜೆಯಲ್ಲಿ ಕೂತು ಓದಿದೆ, ಕೇಳಿದೆ, ಟಿಪ್ಪಣಿ ಮಾಡಿಕೊಂಡೆ. ನನ್ನ ಟಿಪ್ಪಣಿ ಪುಸ್ತಕ ನೋಡಿ ಯಜಮಾನರು, “ನಿವೃತ್ತಿಯಾದ ಮೇಲೆ ಕೊಲಂಬಿಯಾದಲ್ಲಿ ಟ್ಯೂಷನ್ ಹೇಳ್ತೀಯೋ ಹೇಗೆ?” ಎಂದರು.

ಕೊಲಂಬಿಯಾದ ಉತ್ತರಕ್ಕೆ ಕೆರಿಬಿಯನ್ ಸಮುದ್ರ. ಆ ಕರಾವಳಿಯಲ್ಲಿ ಮಗ್ದಲೇನಾ ಎಂಬ ದೊಡ್ಡ ನದಿ ಬಂದು ಸೇರುತ್ತದೆ. ಅಲ್ಲೇ ಕುಂಬಿಯಾ ಹುಟ್ಟಿದ್ದು. ಅದಕ್ಕೆ ಮೂರು ತವರುಮನೆ. ಕೊಳಲು ಆ ನೆಲದ ಮೂಲನಿವಾಸಿಗಳದು, ಡೋಲು ಆಫ್ರಿಕದಿಂದ ಬಂದ ಗುಲಾಮರದು, ಮಾತು ಮತ್ತು ಉಡುಗೆ ಆಳಲು ಬಂದ ಸ್ಪೇನಿನವರದು. ಈ ಮೂವರೂ ಪ್ರೀತಿಯಿಂದ ಒಂದೆಡೆ ಸೇರಿದವರಲ್ಲ. ಸ್ಪೇನಿನ ಸಾಮ್ರಾಜ್ಯದಲ್ಲಿ ಗುಲಾಮರನ್ನು ಇಳಿಸುತ್ತಿದ್ದ ಅತಿ ದೊಡ್ಡ ಬಂದರುಗಳಲ್ಲಿ ಕಾರ್ತಹೇನಾ ಒಂದು. ಕೊಲಂಬಿಯಾದಲ್ಲಿ ಗುಲಾಮಗಿರಿಯನ್ನು ಕಾನೂನು ಮಾಡಿ ತೆಗೆದುಹಾಕಿದ್ದು 1851ರಲ್ಲಿ. ಅಷ್ಟರವರೆಗೆ ಮನುಷ್ಯರನ್ನು ಸಂತೆಯಲ್ಲಿ ದನ ಮಾರಿದಂತೆ ಮಾರಿದ್ದಾರೆ. ಹೊತ್ತು ತಂದ ಜನರಿಂದ ಹೆಸರು, ಊರು, ದೇವರು ಎಲ್ಲವನ್ನೂ ಕಿತ್ತುಕೊಳ್ಳಬಹುದು. ಕೈಯಲ್ಲಿದ್ದ ತಾಳವನ್ನು ಹೇಗೆ ಕಿತ್ತುಕೊಳ್ಳುತ್ತೀರಿ? ಅದು ಉಳಿಯಿತು.

ಕಾರ್ತಹೇನಾದ ಹತ್ತಿರ ಸಾನ್ ಬಸೀಲಿಯೋ ದೆ ಪಲೇಂಕೆ ಎಂಬ ಊರಿದೆ. ತಪ್ಪಿಸಿಕೊಂಡು ಓಡಿಬಂದ ಗುಲಾಮರು ಕಟ್ಟಿಕೊಂಡ ಊರು. ಓಡಿಹೋಗುವ ದಾರಿಯನ್ನು ಹೆಂಗಸರು ತಲೆಯ ಮೇಲೆ ಸಣ್ಣ ಸಣ್ಣ ಜಡೆಗಳಾಗಿ ಹೆಣೆದು ನಕಾಶೆಯಂತೆ ಬಚ್ಚಿಡುತ್ತಿದ್ದರು ಎಂದು ಆ ಊರಿನವರು ಇಂದಿಗೂ ಹೇಳುತ್ತಾರೆ. ಬಾಯಿಂದ ಬಾಯಿಗೆ ಬಂದ ಕಥೆ. ಆದರೆ ಹೆಣ್ಣುಮಕ್ಕಳ ತಲೆಗೂದಲನ್ನು ನೋಡುವ ನನ್ನ ಕಣ್ಣನ್ನೇ ಆ ಕಥೆ ಬದಲಿಸಿತು.

ಇನ್ನು ಆ ಕೊಳಲಿನ ವಿಷಯ ಹೇಳಲೇಬೇಕು. ಅದಕ್ಕೆ ಗೈತಾ ಎಂದು ಹೆಸರು. ಪಾಪಾಸುಕಳ್ಳಿಯ ಜಾತಿಯ ಗಿಡದ ಒಣಗಿದ ಕಾಂಡವನ್ನು ಟೊಳ್ಳು ಮಾಡಿ, ತುದಿಗೆ ಜೇನುಮೇಣ ಮತ್ತು ಇದ್ದಿಲಪುಡಿ ಕಲಸಿದ ಉಂಡೆ ಮೆತ್ತಿ, ಊದಲು ಬಾತುಕೋಳಿಯ ಗರಿಯ ದಂಟು ಸಿಕ್ಕಿಸುತ್ತಾರೆ. ಇದು ಯಾವಾಗಲೂ ಜೋಡಿ. ಒಂದು ಹೆಣ್ಣು ಗೈತಾ, ಇನ್ನೊಂದು ಗಂಡು ಗೈತಾ. ಹೆಣ್ಣಿಗೆ ಐದು ತೂತು, ಗಂಡಿಗೆ ಎರಡೇ. ರಾಗವೆಲ್ಲ ನುಡಿಸುವುದು ಹೆಣ್ಣು. ಗಂಡು ಆಗಾಗ ‘ಹೂಂ, ಹೂಂ’ ಎಂದು ದನಿಗೂಡಿಸುತ್ತದೆ. ಅದನ್ನು ನುಡಿಸಲು ಒಂದು ಕೈ ಸಾಕಾಗುವುದರಿಂದ ಆತ ಇನ್ನೊಂದು ಕೈಯಲ್ಲಿ ಗಿಲಕಿ ಆಡಿಸುತ್ತಾನೆ. ಇದನ್ನು ಓದಿ ಹೇಳಿದಾಗ ನಮ್ಮ ಸ್ಟಾಫ್‌ ರೂಮಿನ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. “ಹೌದು ಮೇಡಂ, ನಮ್ಮನೇಲೂ ಹಾಗೇ. ಸಂಸಾರದ ರಾಗವೆಲ್ಲ ನಂದು, ಪೇಪರ್ ಹಿಡಕೊಂಡು ಹೂಂ ಅನ್ನೋದು ಅವರದು” ಎಂದರು ಗಣಿತದ ಟೀಚರು.

ಡೋಲುಗಳು ಮೂರು. ದೊಡ್ಡದು ತಂಬೋರಾ, ಅದರ ಗುಡುಗು ನೆಲದಿಂದ ಬರುತ್ತದೆ. ನಡುವಿನದು ಅಲೇಗ್ರೆ, ಎಂದರೆ ‘ಸಂತೋಷದವನು’. ಮನಸ್ಸಿಗೆ ಬಂದಂತೆ ಆಡುವುದು ಅವನ ಪಾಲು. ಎಲ್ಲಕ್ಕಿಂತ ಚಿಕ್ಕದು ಲ್ಯಮದೋರ್, ಎಂದರೆ ‘ಕರೆಯುವವನು’. ಅವನಿಗೆ ಒಂದೇ ಕೆಲಸ. ನೀವು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ. ಆ ಎಣಿಕೆಯ ಮೇಲೆ ಅವನು ಬಾರಿಸುವುದಿಲ್ಲ. ಒಂದಕ್ಕೂ ಎರಡಕ್ಕೂ ನಡುವಿನ ಸಂದಿಯಲ್ಲಿ, ಎರಡಕ್ಕೂ ಮೂರಕ್ಕೂ ನಡುವಿನ ಸಂದಿಯಲ್ಲಿ ‘ಟಪ್, ಟಪ್’ ಎಂದು ಹಾಡು ಮುಗಿಯುವವರೆಗೂ ಬಾರಿಸುತ್ತಲೇ ಇರುತ್ತಾನೆ. ರೊಟ್ಟಿ ತಟ್ಟುತ್ತಾ ಇದನ್ನು ಪ್ರಯತ್ನಿಸಿ ನೋಡಿ. ನಾಲ್ಕನೆಯ ರೊಟ್ಟಿಯ ಹೊತ್ತಿಗೆ ಸೊಂಟ ತಾನಾಗಿ ಅಲುಗುತ್ತದೆ. ಹೊಸಿಲಲ್ಲಿ ಯಾರೂ ನಿಂತಿಲ್ಲವೆಂದು ಮೊದಲು ಖಚಿತ ಮಾಡಿಕೊಳ್ಳಿ.

ಅದೇ ಸಮುದ್ರದ ಆಚೆಗೆ ಜಮೈಕಾ ದ್ವೀಪ. ಅಲ್ಲಿ 1960ರ ದಶಕದ ಕೊನೆಯಲ್ಲಿ ರೆಗ್ಗೇ ಎಂಬ ಸಂಗೀತ ಹುಟ್ಟಿತು. ಅಲ್ಲಿಯೂ ಆಫ್ರಿಕದಿಂದ ಬಂದ ಗುಲಾಮರ ಮೊಮ್ಮಕ್ಕಳೇ ಅದನ್ನು ಕಟ್ಟಿದವರು. ರೆಗ್ಗೇಯಲ್ಲಿ ಗಿಟಾರಿನವನು ಮಾಡುವುದೂ ಅದೇ ಕೆಲಸ: ಎಣಿಕೆಯ ಮೇಲಲ್ಲ, ಎಣಿಕೆಯ ಸಂದಿಯಲ್ಲಿ ತಂತಿ ಕುಟ್ಟುವುದು. ಇಬ್ಬರು ಅಕ್ಕತಂಗಿಯರನ್ನು ಬೇರೆ ಬೇರೆ ಊರಿಗೆ ಕೊಟ್ಟು, ಮೂವತ್ತು ವರ್ಷದ ಮೇಲೆ ಮದುವೆಮನೆಯಲ್ಲಿ ಭೇಟಿಯಾದಾಗ ಇಬ್ಬರೂ ಸೆರಗು ಸಿಕ್ಕಿಸುವ ರೀತಿ ಒಂದೇ ಇದ್ದಂತೆ. ಹೀಗಾಗಿ ಕುಂಬಿಯಾಕ್ಕೂ ರೆಗ್ಗೇಗೂ ಸಂಬಂಧ ಬೆಳೆಸಿದ ತಂಡಗಳಿಗೆ ಅದು ಕಷ್ಟದ ಕೆಲಸವಾಗಲಿಲ್ಲ. ಎರಡೂ ಒಂದೇ ಜಾಗದಲ್ಲಿ ಉಸಿರು ತೆಗೆದುಕೊಳ್ಳುತ್ತವೆ. ರೆಗ್ಗೇಯನ್ನು ಯುನೆಸ್ಕೋ 2018ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹುಟ್ಟಿದಾಗ ಕೊಳೆಗೇರಿಯ ಗದ್ದಲ ಎನ್ನಿಸಿಕೊಂಡದ್ದು ಇದೇ.

ಕುಂಬಿಯಾಕ್ಕೂ ಆ ಗತಿಯೇ. ಕೊಲಂಬಿಯಾದ ರಾಜಧಾನಿ ಬೊಗೊತಾ ಬೆಟ್ಟದ ಮೇಲೆ, ಸಮುದ್ರಮಟ್ಟದಿಂದ 2,600 ಮೀಟರಿಗೂ ಎತ್ತರದಲ್ಲಿದೆ. ಚಳಿಯ ಊರು, ಕೋಟು ಹಾಕುವ ಜನ. ಕರಾವಳಿಯ ಕರಿಯರ ಡೋಲು ಅವರಿಗೆ ಅಸಭ್ಯ. ಲೂಚೋ ಬೆರ್ಮೂದೆಸ್ ಎಂಬ ಕರಾವಳಿಯ ಕಲಾವಿದ 1940ರ ದಶಕದಲ್ಲಿ ಅದಕ್ಕೆ ದೊಡ್ಡ ವಾದ್ಯವೃಂದದ ಉಡುಪು ತೊಡಿಸಿದ ಮೇಲೆಯೇ ಕ್ಲಬ್ಬುಗಳ ಬಾಗಿಲು ತೆರೆದದ್ದು. ಮನೆಗೆಲಸದವಳ ಹಾಡನ್ನು ಮನೆಯೊಡತಿ ರೇಷ್ಮೆ ಸೀರೆಯುಟ್ಟು ಹಾಡಿದರೆ ಚಪ್ಪಾಳೆ ಬೀಳುತ್ತದಲ್ಲ, ಹಾಗೆ.

ಉಡುಪು ಬದಲಿಸದೆಯೇ ಆ ಹಾಡನ್ನು ಜಗತ್ತಿನ ಮುಂದಿಟ್ಟವಳು ಒಬ್ಬ ಹೆಂಗಸು, ತೊತೋ ಲಾ ಮೊಂಪೊಸೀನಾ. ನಿಜವಾದ ಹೆಸರು ಸೋನಿಯಾ ಬಸಾಂತಾ, 1940ರಲ್ಲಿ ಹುಟ್ಟಿದವಳು. ಹಳ್ಳಿಹಳ್ಳಿ ತಿರುಗಿ, ಹಾಡುವ ಮುದುಕಿಯರ ಜೊತೆ ಕೂತು ಕಲಿತವಳು. ಕೊಲಂಬಿಯಾದ ಲೇಖಕ ಗಾಬ್ರಿಯಲ್ ಗಾರ್ಸಿಯಾ ಮಾರ್ಕೆಸ್ 1982ರಲ್ಲಿ ನೊಬೆಲ್ ಪ್ರಶಸ್ತಿ ತೆಗೆದುಕೊಳ್ಳಲು ಸ್ವೀಡನ್ನಿಗೆ ಹೋದಾಗ ಅವನ ಜೊತೆ ಹೋದ ಹಾಡುಗಾರರಲ್ಲಿ ಇವಳೂ ಇದ್ದಳು. ಬಿಳಿ ಗೋಡೆಗಳ ಆ ಸ್ಟಾಕ್‌ಹೋಮಿನಲ್ಲಿ ಮಗ್ದಲೇನಾ ದಡದ ಡೋಲು ಮೊಳಗಿತು. 1993ರಲ್ಲಿ ‘ಲಾ ಕಂದೇಲಾ ವೀವಾ’ ಎಂಬ ಅವಳ ಆಲ್ಬಂ ಇಂಗ್ಲೆಂಡಿನಲ್ಲಿ ಹೊರಬಂದ ಮೇಲೆ ಲೋಕವೆಲ್ಲ ಕೇಳಿತು. ಆಗವಳಿಗೆ ಐವತ್ತಮೂರು. ಐವತ್ತರ ಮೇಲಿನ ಹುಚ್ಚಿನ ಬಗ್ಗೆ ಇನ್ನು ನನ್ನನ್ನು ಯಾರೂ ಕೇಳಬೇಡಿ.

ಬೊಂಬಾ ಎಸ್ತೇರಿಯೋ ಅವಳ ಮೊಮ್ಮಕ್ಕಳ ಕಾಲದ್ದು. 2005ರಲ್ಲಿ ಬೊಗೊತಾದ ಸಿಮೋನ್ ಮೆಹಿಯಾ ಎಂಬ ಯುವಕ ಇದನ್ನು ಶುರುಮಾಡಿದ. ಅದೇ ಚಳಿಯ ಊರಿನವನು, ಕೋಟಿನ ಜನರ ಮಗ. ಅವನಿಗೆ ಕರಾವಳಿಯ ಹಳೆಯ ರೆಕಾರ್ಡುಗಳ ಹುಚ್ಚು. ಕಂಪ್ಯೂಟರಿನ ಸದ್ದಿನ ಜೊತೆ ಕುಂಬಿಯಾದ ಡೋಲನ್ನು ಬೆರೆಸುತ್ತಿದ್ದ. ಮೊದಲ ಆಲ್ಬಂ 2006ರಲ್ಲಿ ಬಂತು. ಅದರ ಒಂದು ಹಾಡಿಗೆ ದನಿ ಕೊಡಲು ಲಿಲಿಯಾನಾ ಸೌಮೆತ್ ಎಂಬವಳನ್ನು ಕರೆದ. ಅವಳು ಸಾಂತಾ ಮಾರ್ತಾ ಎಂಬ ಕಡಲೂರಿನವಳು. ಒಂದು ಹಾಡಿಗೆ ಬಂದವಳು ತಂಡದ ದನಿಯೇ ಆಗಿ ಉಳಿದಳು. ಒಂದು ದಿನದ ಸಹಾಯಕ್ಕೆಂದು ಬಂದ ಹೆಣ್ಣುಮಗಳು ಮನೆಯ ಬೀಗದಕೈ ಗೊಂಚಲನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡಂತೆ.

ಅವಳ ದನಿ ಸಾಧನೆ ಮಾಡಿ ನುಣುಪಾಗಿಸಿದ ದನಿಯಲ್ಲ. ಮೀನು ಮಾರುವ ದಡದಲ್ಲಿ ಗಾಳಿಯ ವಿರುದ್ಧ ಕೂಗಿ ಗಟ್ಟಿಯಾದ ದನಿಯ ಹಾಗಿದೆ. ಅರ್ಧ ಹಾಡು, ಅರ್ಧ ಮಾತು. 2008ರ ‘ಎಸ್ತಾಲ್ಯಾ’ ಆಲ್ಬಂನಲ್ಲಿ ‘ಫುವೇಗೋ’, ಎಂದರೆ ಬೆಂಕಿ, ಎಂಬ ಹಾಡು ಬಂತು. ಮರುವರ್ಷ ಅದು ಅಮೆರಿಕದಲ್ಲಿಯೂ ಬಿಡುಗಡೆಯಾದ ಮೇಲೆ ತಂಡ ದೇಶದೇಶ ಸುತ್ತತೊಡಗಿತು. 2012ರಲ್ಲಿ ‘ಎಲೆಗಾನ್ಸಿಯಾ ತ್ರೋಪಿಕಾಲ್’, 2015ರಲ್ಲಿ ‘ಅಮನೆಸೇರ್’. ಅಮನೆಸೇರ್ ಎಂದರೆ ಬೆಳಗಾಗುವುದು. ‘ಸೋಯ್ ಯೋ’ ಇರುವುದು ಇದರಲ್ಲೇ. ಅದೇ ವರ್ಷ ಹಾಲಿವುಡ್ ನಟ ವಿಲ್ ಸ್ಮಿತ್ ಇದರ ‘ಫಿಯೆಸ್ತಾ’ ಎಂಬ ಹಾಡಿನ ಹೊಸ ರೂಪದಲ್ಲಿ ತಾನೂ ದನಿ ಸೇರಿಸಿದ. ಗ್ರ್ಯಾಮಿ ಪ್ರಶಸ್ತಿಯ ಅಂತಿಮ ಪಟ್ಟಿಗೆ ಇವರ ಆಲ್ಬಂಗಳು ಒಂದಕ್ಕಿಂತ ಹೆಚ್ಚು ಸಲ ಹೋಗಿವೆ. 2021ರ ‘ದೇಹಾ’ ಆಲ್ಬಂ ಅನ್ನು ನೀರು, ಗಾಳಿ, ಮಣ್ಣು, ಬೆಂಕಿ ಎಂದು ನಾಲ್ಕು ಭಾಗ ಮಾಡಿದ್ದಾರೆ. 2022ರಲ್ಲಿ ಪೋರ್ಟೊರಿಕೊದ ಬ್ಯಾಡ್ ಬನ್ನಿ ಎಂಬ ಹೆಸರಾಂತ ಹಾಡುಗಾರನ ಜೊತೆ ಹಾಡಿದರು, 2025ರಲ್ಲಿ ವೆನೆಜುವೆಲಾದ ಇನ್ನೊಂದು ತಂಡದೊಡನೆ ಕೂಡಿ ಹೊಸ ಆಲ್ಬಂ ಹೊರತಂದರು. ಇಪ್ಪತ್ತು ವರ್ಷ ಒಂದು ತಂಡ ಒಡೆಯದೆ ಬಾಳುವುದು ಸಣ್ಣ ಮಾತಲ್ಲ. ನಮ್ಮ ಬಡಾವಣೆಯ ಭಜನಾ ಮಂಡಳಿಯೇ ಅಷ್ಟರಲ್ಲಿ ಮೂರು ಸಲ ಒಡೆದಿದೆ.

ಇಷ್ಟೆಲ್ಲ ಓದಿ ಮುಗಿಸಿದ ಒಂದು ರಾತ್ರಿ, ದೀಪ ಆರಿಸಿ ಮಲಗಿದ ಮೇಲೆ, ಆ ಡೋಲನ್ನು ಎಲ್ಲಿ ಕೇಳಿದ್ದೆ ಎಂಬುದು ಹೊಳೆಯಿತು. ಯಲ್ಲಾಪುರದ ಕಾಡಿನಲ್ಲಿ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳು ಉತ್ತರ ಕನ್ನಡದ ಯಲ್ಲಾಪುರ ತಾಲೂಕಿನವು. ಬಯಲುಸೀಮೆಯಿಂದ ಹೋದವಳಿಗೆ ಆ ಮಳೆ, ಆ ಕಾಡು, ಆ ಇಂಬಳ ಎಲ್ಲವೂ ಹೊಸದು. ತರಗತಿಯಲ್ಲಿ ನಾಲ್ಕೈದು ಮಂದಿ ಸಿದ್ದಿ ಮಕ್ಕಳಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸಿದ್ದಿಯರ ಪೂರ್ವಿಕರು ಆಫ್ರಿಕದವರು. ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದಿದ್ದ ಎಷ್ಟೋ ಜನ ತಪ್ಪಿಸಿಕೊಂಡು, ಬಿಡುಗಡೆಯಾಗಿ ನಮ್ಮ ಕಾಡುಗಳಲ್ಲಿ ನೆಲೆನಿಂತರು. ಯಲ್ಲಾಪುರ, ಹಳಿಯಾಳ, ಅಂಕೋಲಾ ಸುತ್ತಮುತ್ತ ಇದ್ದಾರೆ. ಹಿಂದೂ, ಮುಸಲ್ಮಾನ, ಕ್ರೈಸ್ತ ಮೂರೂ ಮತದವರಿದ್ದಾರೆ. ಕೊಂಕಣಿಯ ಒಂದು ಬಗೆ ಅವರ ಮನೆಮಾತು, ಕನ್ನಡ ನಮ್ಮಷ್ಟೇ ಚೆನ್ನಾಗಿ ಆಡುತ್ತಾರೆ. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಒಂದು ಹಡಗು ಪಡುವಣಕ್ಕೆ ಹೋಗಿ ಕಾರ್ತಹೇನಾದಲ್ಲಿ ಜನರನ್ನು ಇಳಿಸಿತು, ಇನ್ನೊಂದು ಮೂಡಣಕ್ಕೆ ಬಂದು ಗೋವೆಯಲ್ಲಿ ಇಳಿಸಿತು. ಸಂಬಂಧ ಏನು ಎಂದು ಕೇಳಿದಿರಲ್ಲ, ಇದೇ ಸಂಬಂಧ.

ನನ್ನ ತರಗತಿಯ ಒಬ್ಬಳು ಸಿದ್ದಿ ಹುಡುಗಿ ಬೆಂಚಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಳು. ಪಾಠದ ನಡುವೆ ಗದರಿಸಬೇಕೆಂದು ಹೋದರೆ ಕೇಳುತ್ತಾ ನಿಂತುಬಿಡಬೇಕು, ಅಂಥ ತಾಳ. ಒಮ್ಮೆ ಅವಳ ತಾಯಿ ಕರೆದರೆಂದು ಅವರ ಕೇರಿಗೆ ಹೋಗಿದ್ದೆ. ಅಂಗಳದಲ್ಲಿ ಡಮಾಮಿ ಬಾರಿಸುತ್ತಿದ್ದರು, ಹೆಂಗಸರು ಕುಣಿಯುತ್ತಿದ್ದರು. ಆ ಸದ್ದು ಎದೆಗೂಡಿನ ಒಳಗಿನಿಂದ ಬಂದಂತಿತ್ತು. ನಡುರಾತ್ರಿ ನನಗೆ ನೆನಪಾದದ್ದು ಅದು.

ನೆನಪಾದದ್ದು ಅದೊಂದೇ ಅಲ್ಲ. ಆ ವರ್ಷದ ಶಾಲಾ ವಾರ್ಷಿಕೋತ್ಸವಕ್ಕೆ ಹುಡುಗಿಯರ ಸಮೂಹನೃತ್ಯ ಇತ್ತು. ಇಡೀ ಶಾಲೆಯಲ್ಲಿ ಆ ಹುಡುಗಿಯಷ್ಟು ಲಯಜ್ಞಾನ ಇದ್ದವರು ಇನ್ನೊಬ್ಬರಿರಲಿಲ್ಲ. ಆದರೂ ಅವಳನ್ನು ನೃತ್ಯದಿಂದ ಬಿಟ್ಟರು. “ಸ್ಟೇಜಿಗೆ ಒಂದು ಲಕ್ಷಣ ಬೇಕಲ್ಲ” ಎಂದರು ಹಿರಿಯರೊಬ್ಬರು. ನಾನು ವಾದ ಮಾಡಿದೆ. ನಿನ್ನೆ ಮೊನ್ನೆ ಬಂದವಳ ಮಾತು, ನಡೆಯಲಿಲ್ಲ. ಹುಡುಗಿಗೆ ಪರದೆಯ ಹಗ್ಗ ಎಳೆಯುವ ಕೆಲಸ ಕೊಟ್ಟರು. ಸ್ಟೇಜಿನ ಮೇಲೆ ಉಳಿದವರು ಕುಣಿಯುತ್ತಿದ್ದಾಗ ಅವಳು ಪರದೆಯ ಹಿಂದೆ, ಒಂದು ಕೈಯಲ್ಲಿ ಹಗ್ಗ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಖಾಲಿ ಡಬ್ಬದ ಮೇಲೆ ತಾಳ ಹಾಕುತ್ತಿದ್ದಳು. ಮುಖದಲ್ಲಿ ಕೋಪವಿರಲಿಲ್ಲ, ದುಃಖವೂ ಇರಲಿಲ್ಲ. ಇದು ಹೀಗೆಯೇ ಎಂದು ಗೊತ್ತಿದ್ದವರ ಮುಖ ಅದು. ನನಗೆ ಇವತ್ತಿಗೂ ಸಹಿಸಲಾಗದ್ದು ಆ ಮುಖ.

ಸಹಿಸಲಾಗದ್ದಕ್ಕೆ ನನ್ನದೇ ಒಂದು ಕಾರಣವೂ ಇದೆ. ನಾನೂ ಕಪ್ಪಗೆ ಇದ್ದೇನೆ. ಸಿದ್ದಿಯರಷ್ಟಲ್ಲ, ಆದರೆ ನಮ್ಮ ಮನೆಯಲ್ಲಿ ಅಜ್ಜಿ ವಾರಕ್ಕೆರಡು ದಿನ ಕಡಲೆಹಿಟ್ಟು, ಅರಿಸಿನ, ಹಾಲಿನ ಕೆನೆ ಕಲಸಿ ಮೆತ್ತುವಷ್ಟು. ಮೈ ಉರಿಯುವವರೆಗೆ ತಿಕ್ಕುತ್ತಿದ್ದರು, ಪ್ರೀತಿಯಿಂದಲೇ. ಐದು ಕಡೆಯವರು ನೋಡಿಕೊಂಡು ಹೋದರು. ಒಬ್ಬರು ಉಪ್ಪಿಟ್ಟು, ಕೇಸರಿಬಾತು ತಿಂದು ಕೈ ತೊಳೆಯುತ್ತಾ, ನಾನು ಒಳಗಿನಿಂದ ಕೇಳುತ್ತಿದ್ದೇನೆ ಎಂಬ ಎಗ್ಗಿಲ್ಲದೆ, “ಎಲ್ಲಾ ಚೆನ್ನಾಗಿದೆ, ಬಣ್ಣ ಒಂದು ಸ್ವಲ್ಪ ಕಡಿಮೆ” ಎಂದರು. ಕಡಿಮೆ! ಅಳತೆಯ ಸೇರು ಯಾರ ಮನೆಯದು? ಕಪ್ಪು ಹೆಚ್ಚಿದೆ ಎಂದಾದರೂ ಅಂದಿದ್ದರೆ ಇರುವುದನ್ನು ಇದೆ ಅಂದಂತಾಗುತ್ತಿತ್ತು. ಬಿ.ಎ., ಬಿ.ಎಡ್. ಮುಗಿಸಿ ಮೊದಲ ಸಂಬಳ ತಂದು ಅಪ್ಪನ ಕೈಗಿಟ್ಟ ದಿನವೂ ಆ ‘ಕಡಿಮೆ’ ಕಿವಿಯಲ್ಲಿ ಇತ್ತು. ಆರನೆಯದಾಗಿ ಬಂದವರು ನಮ್ಮ ಯಜಮಾನರು. ಅವರಿಗೆ ಬಣ್ಣಗುರುಡು ಎಂದು ಈಗಲೂ ಛೇಡಿಸುತ್ತೇನೆ. “ಹೌದು, ಅದಕ್ಕೇ ಸಿಗ್ನಲ್ಲು ಗೊತ್ತಾಗದೆ ನಿಮ್ಮನೆ ಮುಂದೆ ನಿಂತುಬಿಟ್ಟೆ” ಎನ್ನುತ್ತಾರೆ. ಗಂಡು ಗೈತಾಕ್ಕೂ ಆಗಾಗ ಒಳ್ಳೆಯ ಸ್ವರ ಹೊರಡುತ್ತದೆ.

ಕಾಲ ಬದಲಾಗಿದೆ ಎನ್ನುತ್ತೀರಿ. ಬದಲಾಗಿದೆಯೇ ಎಂದು ನಾನು ಕಂಡದ್ದನ್ನು ಹೇಳುತ್ತೇನೆ. ಈಗ ನಾನಿರುವ ಶಾಲೆಯಲ್ಲಿ ಸಾಂಸ್ಕೃತಿಕ ಸಮಿತಿ ನನ್ನ ಹೆಗಲ ಮೇಲಿದೆ. ಹೋದ ವರ್ಷ ವಾರ್ಷಿಕೋತ್ಸವದ ತಾಲೀಮಿಗೆ ಒಂಬತ್ತನೆಯ ತರಗತಿಯ ಹುಡುಗಿಯರನ್ನು ಕರೆದೆ. ಇನ್ನೂ ಯಾರೂ ಏನೂ ಹೇಳಿರಲಿಲ್ಲ. ಹದಿನಾರು ಮಂದಿ ಬಂದು ನಿಂತರು. ಬೆಳ್ಳಗಿದ್ದವರು ಮುಂದೆ, ಉಳಿದವರು ಹಿಂದೆ. ಎಣ್ಣೆಯೂ ನೀರೂ ಬೇರೆಯಾದಂತೆ ತಾವಾಗಿಯೇ ಬೇರೆಯಾಗಿ ನಿಂತಿದ್ದರು. ಕನ್ನಡಕ ಹಾಕಿದ, ಕಪ್ಪಗಿನ ದುಂಡು ಮುಖದ ಒಬ್ಬಳು ಮಾತ್ರ ಮುಂದಿನ ಸಾಲಿನ ತುದಿಯಲ್ಲಿ ಸಿಕ್ಕಿಕೊಂಡಿದ್ದಳು. ನಾನು ಅವಳ ಕಡೆ ನೋಡಿದ್ದೇ ತಡ, “ಮಿಸ್, ನಾನು ಹಿಂದಿನ ಸಾಲಿಗೆ ಹೋಗ್ಲಾ?” ಎಂದಳು. ಕೇಳುವಾಗ ಮುಖದಲ್ಲಿ ಕೋಪವಿರಲಿಲ್ಲ, ದುಃಖವೂ ಇರಲಿಲ್ಲ.

ಆ ಮುಖ ನನಗೆ ಗೊತ್ತಿತ್ತು.

ಸಾಲು ಬದಲಾಯಿಸಿ ಎಂದು ಹೇಳಬಹುದಿತ್ತು. ಹೇಳಿದರೆ ‘ಮಿಸ್ಸು ಕನಿಕರಪಟ್ಟು ಮುಂದೆ ನಿಲ್ಲಿಸಿದರು’ ಎಂದಾಗುತ್ತಿತ್ತು, ಅದು ಇನ್ನೊಂದು ಬಗೆಯ ಅವಮಾನ. ಆಗ ನೆನಪಾದದ್ದು ಕುಂಬಿಯಾ. ಅದನ್ನು ಕುಣಿಯುವಾಗ ವಾದ್ಯದವರು ನಡುವೆ ಇರುತ್ತಾರೆ, ಕುಣಿಯುವವರು ಅವರ ಸುತ್ತ ಸುತ್ತುತ್ತಾರೆ. ಅಗಲ ನೆರಿಗೆಯ ಲಂಗ ತೊಟ್ಟ ಹೆಂಗಸರು ಕೈಯಲ್ಲಿ ಉರಿಯುವ ಮೇಣದಬತ್ತಿಗಳ ಕಟ್ಟು ಹಿಡಿದಿರುತ್ತಾರೆ. ಗಂಡಸು ಟೋಪಿ ಹಿಡಿದು ಓಲೈಸುತ್ತಾ ತೀರಾ ಹತ್ತಿರ ಬಂದರೆ ಆ ದೀಪವನ್ನೇ ಮುಂದೆ ಹಿಡಿದು ದೂರ ಇಡುತ್ತಾರೆ. ಅದು ಇರಲಿ, ಮುಖ್ಯವಾದದ್ದು ಸುತ್ತು. ಸುತ್ತಿನಲ್ಲಿ ಹಿಂದಿನ ಸಾಲು ಎಂಬುದು ಇರುವುದೇ ಇಲ್ಲ. ಈಗ ಹಿಂದಿದ್ದವಳು ಮರುಕ್ಷಣ ಮುಂದೆ ಬಂದಿರುತ್ತಾಳೆ.

ನಮಗೇನು ಅದಕ್ಕಾಗಿ ಕೊಲಂಬಿಯಾಕ್ಕೆ ಹೋಗಬೇಕೇ? ನಮ್ಮ ಕೋಲಾಟ ಇಲ್ಲವೇ? ಅಲ್ಲಿಯೂ ಸುತ್ತೇ ಅಲ್ಲವೇ? ಆ ವರ್ಷ ಸಿನಿಮಾ ಹಾಡಿನ ಸಾಲುನೃತ್ಯ ಬಿಟ್ಟು ಕೋಲಾಟ ಮಾಡಿಸಿದೆ. ನಡುವೆ ಡೋಲಿನವರು, ಸುತ್ತ ಹದಿನಾರು ಹುಡುಗಿಯರು. ಮುಖಕ್ಕೆ ಪೌಡರು ಬಳಿಯುವ ಕಾರ್ಯಕ್ರಮವನ್ನೂ ರದ್ದು ಮಾಡಿದೆ. ಒಬ್ಬರು ತಾಯಿ ಬಂದು, “ನಮ್ಮ ಮಗಳು ಯಾವಾಗ್ಲೂ ಫ್ರಂಟಲ್ಲೇ ಇರ್ತಿದ್ಲು ಮೇಡಂ, ಫೋಟೋಗೆ ಚೆನ್ನಾಗಿ ಬರ್ತಿತ್ತು” ಎಂದು ಮುನಿಸಿಕೊಂಡು ಹೋದರು. ಆ ಮಗುವಿನದೇನೂ ತಪ್ಪಿಲ್ಲ, ಅವಳೂ ಸುತ್ತಿನಲ್ಲಿ ಚೆಂದವಾಗಿ ಕುಣಿದಳು.

ಕನ್ನಡಕದ ಹುಡುಗಿ ಅಂದು ಅದ್ಭುತವಾಗಿ ಕುಣಿದಳು ಎಂದು ಬರೆದರೆ ನಿಮಗೂ ಸಮಾಧಾನ, ನನಗೂ ಸಮಾಧಾನ. ಹಾಗೇನೂ ಆಗಲಿಲ್ಲ. ಎರಡು ಕಡೆ ತಪ್ಪಿದಳು, ಒಮ್ಮೆ ಪಕ್ಕದವಳ ಬೆರಳಿಗೆ ಕೋಲು ಬಿತ್ತು. ಆದರೆ ತಪ್ಪಿದಾಗ ಜೋರಾಗಿ ನಕ್ಕಳು. ಸುಮಾರು ಹುಡುಗಿಯರು ತಪ್ಪಿದರೆ ಅತ್ತುಬಿಡುತ್ತಾರೆ. ಅವಳು ಸ್ಟೇಜಿನ ನಟ್ಟನಡುವೆ, ಎಲ್ಲರ ಎದುರು, ಹಲ್ಲೆಲ್ಲ ಕಾಣುವಂತೆ ನಕ್ಕು ಮತ್ತೆ ಸುತ್ತು ಸೇರಿಕೊಂಡಳು. ನನಗೆ ಅಷ್ಟು ಸಾಕಾಗಿತ್ತು.

ಒಂದು ಕೋಲಾಟದಿಂದ ಲೋಕ ಬದಲಾಗುತ್ತದೆ ಎಂಬ ಭ್ರಮೆ ನನಗಿಲ್ಲ. ಕರಾವಳಿಯ ಆ ಡೋಲು ಬೆಟ್ಟದ ಮೇಲಿನ ರಾಜಧಾನಿ ತಲುಪಲು ಎಷ್ಟು ತಲೆಮಾರು ಬೇಕಾಯಿತು! ಮೊದಲು ತೊತೋಳಂಥವರು ಅದನ್ನು ನಾಚದೆ ಹೊತ್ತು ತಿರುಗಿದರು. ಆಮೇಲೆ ಅದೇ ರಾಜಧಾನಿಯ ಹುಡುಗನೊಬ್ಬ ಕೆಳಗಿಳಿದು ಕಡಲೂರಿನ ಹೆಣ್ಣಿನ ಮುಂದೆ ಮೈಕು ಇಟ್ಟ. ಆಮೇಲೆ ಎಲ್ಲಿಯದೋ ಬೀದಿಯಲ್ಲಿ ಕನ್ನಡಕದ ಹುಡುಗಿಯೊಬ್ಬಳು ಆ ಹಾಡಿಗೆ ಕುಣಿದಳು. ಒಬ್ಬರಿಂದ ಆದ ಕೆಲಸವಲ್ಲ. ಒಬ್ಬೊಬ್ಬರೂ ಒಂದೊಂದು ಸುತ್ತು ಬಂದಿದ್ದಾರೆ.

ಈ ವರ್ಷವೂ ತಾಲೀಮು ಶುರುವಾಗಬೇಕು. ಹೊಸ ಹುಡುಗಿಯರು ಬರುತ್ತಾರೆ, ಮತ್ತೆ ತಾವಾಗಿಯೇ ಮುಂದೆ ಹಿಂದೆ ನಿಲ್ಲುತ್ತಾರೆ ಎಂದು ನನಗೆ ಗೊತ್ತು. ಅದನ್ನು ಅವರು ಶಾಲೆಯಲ್ಲಿ ಕಲಿತಿರುವುದಿಲ್ಲ, ಅದಕ್ಕೂ ಮೊದಲೇ ಕಲಿತು ಬಂದಿರುತ್ತಾರೆ. ತೊಟ್ಟಿಲ ಶಾಸ್ತ್ರಕ್ಕೆ ಬಂದವರು ಕೂಸಿನ ಕಿವಿಯ ಹಿಂದಿನ ಚರ್ಮ ನೋಡಿ ಮುಂದೆ ಯಾವ ಬಣ್ಣ ಬಂದೀತೆಂದು ಲೆಕ್ಕ ಹಾಕುತ್ತಾರಲ್ಲ, ಪಾಠ ಅಲ್ಲಿಂದಲೇ ಶುರು. ಆ ಲೆಕ್ಕ ಹಾಕುವವರು ಹೆಚ್ಚಾಗಿ ನಾವೇ, ಹೆಂಗಸರೇ. ಇನ್ನೊಮ್ಮೆ ತೊಟ್ಟಿಲಿಗೆ ಹೋದಾಗ ಕೂಸಿನ ಕಿವಿಯ ಹಿಂದೆ ನೋಡಬೇಡಿ. ಬೇಕಾದರೆ ಅದರ ಕಿವಿಯ ಹತ್ತಿರ ಒಂದು ಹಾಡು ಹೇಳಿ. ತಾಳ ಸ್ವಲ್ಪ ತಪ್ಪಿದರೂ ಪರವಾಗಿಲ್ಲ.